ಒನಕೆಗೆ ಏಟು ಕಲಿಸಿದ ಭಾರ್ಗವಿ

ಮೈಸೂರಿನಲ್ಲಿ ಚಿತ್ರಕಲೆ ಕಲಿತ ಭಾರ್ಗವಿ, ಗಂಡ ಮಿಥುನನ ಬ್ಯಾಂಕಿನ ಕೆಲಸದಿಂದಾಗಿ ನೈರೋಬಿಗೆ ಬಂದವಳು. ಕೈಕಟ್ಟಿ ಕೂರುವುದು ಅವಳ ಜಾಯಮಾನವಲ್ಲ. ಅಲ್ಲಿನ ಗಿಗಿರಿ ಬಡಾವಣೆಯ ಒಂದು ಸಣ್ಣ ಸೇವಾಸಂಸ್ಥೆಯನ್ನು ಸೇರಿ, ಹಳ್ಳಿಯ ಶಾಲೆಗಳಿಗೆ ಭಿತ್ತಿಚಿತ್ರಗಳನ್ನು ಬರೆದುಕೊಡುತ್ತಿದ್ದಳು. ಮೆಕ್ಕೆಜೋಳವನ್ನು ಚೆನ್ನಾಗಿ ಒಣಗಿಸಿಯೇ ಕುಟ್ಟಬೇಕೆಂದು ತಿಳಿಸುವ ಒಂದು ಅನಿಮೇಷನ್ ಚಿತ್ರವನ್ನು ಹೊರಗಿನ ಸ್ಟುಡಿಯೋಗೆ ವಹಿಸುವ ಮಾತು ಬಂದಾಗ, "ನಾನೇ ಮಾಡ್ತೀನಿ" ಎಂದು ಬಾಯಿಬಿಟ್ಟವಳೂ ಅವಳೇ. ಆಮೇಲೆ ಆ ಬಾಯಿಯನ್ನು ಅವಳು ಶಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಚಿತ್ರಗಳೇನೋ ಸೊಗಸಾಗಿ ಬಂದವು. ಅಜ್ಜಿಯೊಬ್ಬಳು ಅಂಗಳದಲ್ಲಿ ನಿಂತು ಒರಳಿನಲ್ಲಿ ಜೋಳ ಕುಟ್ಟುತ್ತಾಳೆ. ಒನಕೆ ಮೇಲಿರುವ ಒಂದು ಚಿತ್ರವನ್ನೂ ಕೆಳಗಿರುವ ಒಂದು ಚಿತ್ರವನ್ನೂ ಕೊಟ್ಟರೆ, ನಡುವಿನ ಚಲನೆಯನ್ನು ಕಂಪ್ಯೂಟರೇ ತುಂಬುತ್ತದೆ. ಆದರೆ ಒಂದೇ ವೇಗದಲ್ಲಿ ತುಂಬುವುದರಿಂದ ಅಜ್ಜಿ ಯಂತ್ರದಂತೆ ಕಾಣುತ್ತಾಳೆ. ಎಲ್ಲಿ ನಿಧಾನ, ಎಲ್ಲಿ ಚುರುಕು ಎಂದು ಹೇಳುವುದಕ್ಕೆ ಈಸಿಂಗ್ ಎಂಬ ಏರ್ಪಾಡಿದೆ. ಎರಡೂ ತುದಿಗಳಲ್ಲಿ ನಿಧಾನ ಕೊಟ್ಟರೆ ಚಲನೆ ಸಹಜವಾಗುತ್ತದೆಂದು ಯಾವುದೋ ವಿಡಿಯೋ ಪಾಠದಲ್ಲಿ ಕೇಳಿದ ಭಾರ್ಗವಿ, ಚಿತ್ರದಲ್ಲಿದ್ದುದನ್ನೆಲ್ಲ ಒಟ್ಟಿಗೆ ಆರಿಸಿ ಒಂದೇ ಗುಂಡಿ ಒತ್ತಿದಳು. ಸಾರಿಗೂ ಪಾಯಸಕ್ಕೂ ಒಂದೇ ಒಗ್ಗರಣೆ ಹಾಕಿದಂತಾಯಿತು.

ಶುಕ್ರವಾರ ಅದನ್ನು ನೋಡಿ ಮೊದಲು ನಕ್ಕವನು ಚಿತ್ರಕ್ಕೆ ಸದ್ದು ಜೋಡಿಸುವ ವಿನ್ಸೆಂಟ್.

"ದಾದಾ, ಈ ಅಜ್ಜಿ ಕುಟ್ತಾ ಇಲ್ಲ, ಮಗು ಮಲಗಿಸ್ತಿದ್ದಾಳೆ. ನಾನು 'ಧಡ್' ಅನ್ನೋ ಸದ್ದು ಎಲ್ಲಿಡಲಿ?" ಎಂದ. ದಾದಾ ಎಂದರೆ ಸ್ವಾಹಿಲಿಯಲ್ಲಿ ಅಕ್ಕ.

ಮುಖ್ಯಸ್ಥೆ ಜೆನಿಫರ್ ನಗಲಿಲ್ಲ. "ಸೋಮವಾರವೂ ಹೀಗೇ ಇದ್ದರೆ ಸ್ಟುಡಿಯೋಗೆ ಕೊಟ್ಟುಬಿಡೋಣ, ಭಾರ್ಗವಿ."

ಸಂಜೆಯೆಲ್ಲ ಭಾರ್ಗವಿ ಮನೆಯಲ್ಲಿ ಒದ್ದಾಡಿದಳು. ಸಮಯ ಕಡಿಮೆ ಮಾಡಿದರೆ ಅಜ್ಜಿ ಅವಸರದಲ್ಲಿ ಮಗು ಮಲಗಿಸಿದಳು. ಹೆಚ್ಚು ಮಾಡಿದರೆ ತಾನೇ ಮಲಗುವಂತಾದಳು. ಚಲನೆಯನ್ನು ತೋರಿಸುವ ಗ್ರಾಫಿನ ಗೆರೆಯನ್ನು ಎಳೆದರೆ ಒನಕೆ ನೆಲದೊಳಗೇ ಹೊಕ್ಕಿತು.

"ಅದು ಬರೀ ಆಕ್ಸಿಲರೇಷನ್ ಅಷ್ಟೇ ಕಣೇ" ಎಂದ ಮಿಥುನ, ಬಾಗಿಲಲ್ಲಿ ನಿಂತು.

"ಹಾಗಾದ್ರೆ ನೀವೇ ಬಂದು ಮಾಡಿ."

"ನಂಗೆಲ್ಲಿ ಆ ಸಾಫ್ಟ್‌ವೇರ್ ಬರುತ್ತೆ?"

"ನಂಗೆ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ದು?"

ಮಿಥುನ ಕಾಫಿ ಮಾಡಲು ಒಳಗೆ ಹೋದ.

ಮರುದಿನ ಅದೇ ತಲೆನೋವನ್ನು ಹೊತ್ತು ಅವಳು ಪಾರ್ಕ್‌ಲ್ಯಾಂಡ್ಸ್ ಬಡಾವಣೆಗೆ ಹೋದಳು. ಅಲ್ಲಿನ ಕನ್ನಡದ ಮಕ್ಕಳಿಗೆ ಪ್ರತಿ ಶನಿವಾರ ಕೋಲಾಟ ಹೇಳಿಕೊಡುವವಳು ಅವಳೇ. ಮಕ್ಕಳಿಗೆ ಬೆರಳಿನ ಭಯ. ಕೋಲುಗಳು ಜೋರಾಗಿ ಹೊರಟು, ಇನ್ನೇನು ತಾಗಬೇಕು ಎನ್ನುವಾಗ ಹಿಂಜರಿದು, ಸದ್ದಿಲ್ಲದೆ ಮುಟ್ಟಿಕೊಳ್ಳುತ್ತಿದ್ದವು. ಮೊದಲೇ ಕೆಟ್ಟಿದ್ದ ಅವಳ ತಲೆ ಪೂರ್ತಿ ಕೆಟ್ಟಿತು.

"ಭಾವನಾ, ಏನೇ ಅದು, ಕೋಲಿಗೆ ಮುತ್ತಿಡ್ತಿದ್ದೀಯಾ?" ಎಂದು ಮಗಳನ್ನೇ ಹಿಡಿದಳು.

"ಬಟ್ ಅಮ್ಮಾ, ಮೈ ಫಿಂಗರ್ಸ್."

"ಬೆರಳಿಗೇನಾಗಲ್ಲ. ತಾಗೋಕೆ ಮುಂಚೆ ಕೈ ಯಾಕೆ ಹಿಡೀತೀಯ? ಎತ್ತುವಾಗ ಮೇಲೆ ಬೇಕಾದ್ರೆ ನಿಧಾನ ಮಾಡು. ಬರುವಾಗ ಬಿಟ್ಟುಬಿಡು. ತಡೆಯೋದು ಎದುರಿನ ಕೋಲು, ನಿನ್ನ ಕೈಯಲ್ಲ."

ಹೇಳಿದವಳು ಎತ್ತಿದ ಕೋಲನ್ನು ಇಳಿಸದೆ ನಿಂತುಬಿಟ್ಟಳು. ಒನಕೆಯನ್ನು ತಡೆಯಬೇಕಾದದ್ದು ಒರಳು. ತಾನು ಗುಂಡಿ ಒತ್ತಿ, ಒರಳು ಮುಟ್ಟುವ ಮೊದಲೇ ಅಜ್ಜಿಯ ಕೈಯನ್ನು ಹಿಡಿದು ನಿಲ್ಲಿಸಿದ್ದಳು.

"ಅಮ್ಮಾ, ಆರ್ ಯೂ ಓಕೆ?"

"ಇಲ್ಲ. ಆಡ್ರಿ ನೀವು."

ಮನೆಗೆ ಬಂದವಳು ಚಪ್ಪಲಿ ಬಿಟ್ಟವಳೇ ಕಂಪ್ಯೂಟರಿನ ಮುಂದೆ ಕುಳಿತಳು. ಒನಕೆ ಮೇಲೇರಿದ ತುದಿಯಲ್ಲಿ ನಿಧಾನವನ್ನು ಉಳಿಸಿ, ಕೆಳಗಿನದನ್ನು ಕಿತ್ತುಹಾಕಿದಳು. ಗ್ರಾಫಿನ ಗೆರೆ ಗುಡ್ಡದ ನೆತ್ತಿಯಂತೆ ಬಾಗಿ, ಬಂಡೆಯಂಚಿನಂತೆ ಕಡಿದಾಗಿ ಇಳಿಯಿತು. ಒನಕೆ ಒರಳಿಗೆ ಬಿತ್ತು. ಸದ್ದಿಲ್ಲದಿದ್ದರೂ ಕೇಳಿಸಿದಂತಾಯಿತು. ಇಷ್ಟಕ್ಕೆ ಇಷ್ಟೊಂದು ಗೋಳೇ ಎಂದು ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಸೋಮವಾರ ವಿನ್ಸೆಂಟ್ 'ಧಡ್' ಎಂಬ ಸದ್ದನ್ನು ಕೂಡಿಸಿದ. ಅಜ್ಜಿ ಕುಟ್ಟಿದಳು.

ಜೆನಿಫರ್ ಮತ್ತೊಮ್ಮೆ ಹಾಕಿಸಿ ನೋಡಿ, "ಚಿತ್ರ ನಮ್ಮಲ್ಲೇ ಇರಲಿ" ಎಂದಳು. ಭಾರ್ಗವಿ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದಳು. ಅಷ್ಟರಲ್ಲಿ ಜೆನಿಫರ್ ಪರದೆಯ ಹತ್ತಿರ ಬಾಗಿ, "ಹಿಂದಿರುವ ಆ ಕೋಳಿ ಏಕೆ ತೂಕಡಿಸಿಕೊಂಡು ಕಾಳು ಹೆಕ್ಕುತ್ತಿದೆ?" ಎಂದು ಕೇಳಿದಳು.

"ಕೊಕ್ಕಿನ ಸದ್ದೂ ಸಿದ್ಧ ಇದೆ, ದಾದಾ" ಎಂದ ವಿನ್ಸೆಂಟ್.

"ಸ್ವಲ್ಪ ತಾಳಪ್ಪ" ಎಂದಳು ಭಾರ್ಗವಿ, ಕುರ್ಚಿಯನ್ನು ಮತ್ತೆ ಮುಂದಕ್ಕೆಳೆದುಕೊಳ್ಳುತ್ತ. "ಅಂಗಳದ ತುಂಬ ಕೋಳಿ ಬರೆದಿಟ್ಟಿದ್ದೀನಿ."