ಚಾಮುಂಡಮ್ಮ ಕೊಟ್ಟ ಮಾತು, ಗಾಡಿ ಬಿಟ್ಟ ಹೊಗೆ

ಹೆಬ್ಬಾಳದ ಫ್ಯಾಕ್ಟರಿ ಗೇಟಿನ ಮುಂದೆ ನಿಂತ ಮೇಲೂ ಚಾಮುಂಡಮ್ಮನ ಗಾಡಿಯ ಎಂಜಿನ್ ಓಡುತ್ತಲೇ ಇರುತ್ತಿತ್ತು. ಬೆಳಗಿನ ಪಾಳಿಯ ಹೆಂಗಸರು ಇಳಿದು, ಊಟದ ಡಬ್ಬಿ ಎತ್ತಿಕೊಂಡು, ದುಪಟ್ಟಾ ಸೆರಗು ಸರಿಮಾಡಿಕೊಂಡು ಗೇಟಿನೊಳಗೆ ಮರೆಯಾಗುವವರೆಗೂ ಆಕೆ ಕೀಲಿಗೆ ಕೈ ಹಾಕುತ್ತಿರಲಿಲ್ಲ. ಹೊಸಬರು ಯಾರಾದರೂ ಡೀಸೆಲ್ ದಂಡ ಅಲ್ಲವಾ ಅಂದರೆ, ಓಡಿ ಬಂದವರಿಗೆ ಕೂತು ಉಸಿರು ತಗೊಳ್ಳೋಕೆ ಬಿಡಬೇಕೋ ಬೇಡವೋ ಎಂದು ತಿರುಗಿ ಕೇಳುತ್ತಿದ್ದಳು.

ಅದು ಹದಿಮೂರು ವರ್ಷದ ಹಳೇ ಡೀಸೆಲ್ ಗಾಡಿ, ಏಳು ಸೀಟಿನದು. ಎಂಜಿನ್ನಿನ ಪಕ್ಕದಲ್ಲಿ ಟರ್ಬೊ ಎಂಬ ಅಂಗೈಯಗಲದ ಚಕ್ರ. ಹೊರಗೆ ಹೋಗುವ ಬಿಸಿ ಹೊಗೆಯ ರಭಸಕ್ಕೇ ಅದು ತಿರುಗಿ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಚಕ್ರದ ಅಚ್ಚಿಗೆ ಸದಾ ಆಯಿಲ್ ಹರಿಯುತ್ತಿರಬೇಕು. ಜೋರಾಗಿ ಬಂದು ಪಟ್ಟನೆ ಆಫ್ ಮಾಡಿದರೆ ಆಯಿಲ್ ನಿಂತು ಹೋಗುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ, ಒಳಗೆ ಉಳಿದ ಆಯಿಲ್ ಆ ಕಾವಿಗೆ ಸುಟ್ಟು ಕರಕಲಾಗುತ್ತದೆ. ಈ ವಿದ್ಯೆ ಚಾಮುಂಡಮ್ಮನಿಗೆ ಪುಕ್ಕಟೆ ಬಂದದ್ದಲ್ಲ. ಗಾಡಿ ತಂದ ಹೊಸದರಲ್ಲಿ ಬೆಟ್ಟಕ್ಕೆ ದಬಾಯಿಸಿಕೊಂಡು ಹತ್ತಿಸುವುದು, ದರ್ಶನದ ಸಾಲು ಬೆಳೆದೀತೆಂದು ತಟ್ಟನೆ ಆಫ್ ಮಾಡಿ ಇಳಿಯುವುದು, ಹೀಗೇ ಮಾಡಿ ಒಂದು ಟರ್ಬೊವನ್ನು ಕೈಯಾರೆ ಕೊಂದಿದ್ದಳು. ಎರಡನೆಯದನ್ನು ಬಾಣಂತಿಯ ಹಾಗೆ ನೋಡಿಕೊಂಡಳು.

ಆಕೆಯ ತವರು ನರಸೀಪುರದ ಕಡೆಯ ಹಳ್ಳಿ. ಲಂಗ ದಾವಣಿಯ ವಯಸ್ಸಿನಲ್ಲೇ ಅಪ್ಪನ ಟ್ರಾಕ್ಟರ್ ಓಡಿಸಿದವಳು. ಮದುವೆಯಾಗಿ ಜಯಲಕ್ಷ್ಮಿಪುರಂಗೆ ಬಂದಳು. ಗಂಡ ಸಿದ್ದರಾಜು ಕಾಲೇಜೊಂದರ ಆಫೀಸಿನಲ್ಲಿ ಅಟೆಂಡರಾಗಿದ್ದು ರಿಟೈರ್ ಆದವರು, ಸೈಕಲ್ ಬಿಟ್ಟರೆ ಇನ್ನೇನನ್ನೂ ಓಡಿಸಿದವರಲ್ಲ. ಆಕೆ ಹೆಬ್ಬಾಳದ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ದುಡಿದಳು. ನಸುಕಿನಲ್ಲಿ ಬಸ್ಸಿಗೆ ಕಾದು ಕಾದು ಸಾಕಾಗಿದ್ದ ಹೆಂಗಸರಲ್ಲಿ ತಾನೂ ಒಬ್ಬಳು. ಕ್ಯಾಂಟೀನು ಬಿಟ್ಟ ಮೇಲೆ ಅದೇ ಹೆಂಗಸರಿಗೋಸ್ಕರ ಈ ಗಾಡಿ ತಂದಳು. ಬಡಾವಣೆಯಲ್ಲಿ ಸಿದ್ದರಾಜುವನ್ನು ಈಗಲೂ ಗಾಡಿ ಚಾಮುಂಡಮ್ಮನ ಯಜಮಾನ್ರು ಎಂದೇ ಕರೆಯುತ್ತಾರೆ. ಅವರಿಗೆ ಅದರಲ್ಲಿ ಬೇಸರವಿಲ್ಲ.

ಈ ವರ್ಷ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಿ ಆಸ್ಪತ್ರೆಯ ಮಂಚದಲ್ಲಿದ್ದಾಗ ಮಗ ದಿಲೀಪ್ ಪಕ್ಕದಲ್ಲಿ ಕೂತು ಸಮಯ ನೋಡಿ ಮಾತು ತೆಗೆದ.

“ನಿನ್ ಮಂಡಿನೂ ಹಳೇದಾಗಿತ್ತು, ಗಾಡಿನೂ ಹಳೇದು. ಮಂಡಿ ಹೊಸದಾಯ್ತು. ಗಾಡಿ ಮಾರ್ಬುಡಮ್ಮ.”

ನೋವಿನಲ್ಲೂ ಚಾಮುಂಡಮ್ಮನ ಬಿಂಕ ಇಳಿದಿರಲಿಲ್ಲ. “ನಾನು ಎದ್ದು ಓಡಾಡೋದ್ರೊಳಗೆ ಅದು ಒಂದ್ಸಲ ದಾರೀಲಿ ನಿಂತ್ರೆ ಮಾರ್ಬುಡು ಕಣೋ. ತುಟಿ ಬಿಚ್ಚಲ್ಲ ನಾನು” ಅಂದಳು. ಮಾತು ಕೊಟ್ಟ ಮೇಲೆ ಮುಗಿಯಿತು. ಕೊಟ್ಟ ಮಾತನ್ನು ಆಕೆ ವಾಪಸು ತಗೊಂಡದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ.

ಗಾಡಿ ಹಿಡಿದವಳು ಸೊಸೆ ಗಗನ. ಲೈಸೆನ್ಸು ಇತ್ತು, ಧೈರ್ಯ ಇರಲಿಲ್ಲ. ಮಗಳು ಲಾಸ್ಯಳಿಗೆ ಇನ್ನೂ ಎರಡು ತುಂಬಿಲ್ಲ. ಮಗು ಕೆಮ್ಮಿದರೆ ಡಾಕ್ಟರು, ಕೆಮ್ಮದಿದ್ದರೆ ಯಾಕೆ ಕೆಮ್ಮುತ್ತಿಲ್ಲ ಎಂಬ ಚಿಂತೆ. ರಿಂಗ್ ರೋಡಿನ ಲಾರಿಗಳೆಲ್ಲ ತನ್ನನ್ನೇ ಹುಡುಕಿಕೊಂಡು ಬರುತ್ತವೆ ಎಂದು ಮೊದಲ ವಾರ ಅತ್ತೂ ಇದ್ದಳು. ಚಾಮುಂಡಮ್ಮ ಮಲಗಿದ್ದಲ್ಲಿಂದಲೇ ಪಾಠ ಹೇಳಿದಳು. ಎಂಜಿನ್ ಬಿಸಿಯಾಗುವ ತನಕ ಆಕ್ಸಿಲರೇಟರ್ ಮೇಲೆ ಕಾಲೂರಬೇಡ. ನಿಂತ ಮೇಲೆ ಒಂದು ಗಳಿಗೆ ತಾಳು. ಟರ್ಬೊ ತಿರುಗುವಾಗ ಬರುವ ಸಿಳ್ಳೆಯ ಸದ್ದು ಬದಲಾದರೆ ಬಂದು ಹೇಳು. ಹಳೇ ಗಾಡಿ, ಸ್ವಲ್ಪ ಆಯಿಲ್ ಕುಡಿಯುತ್ತೆ, ಸೋಮವಾರ ಸೋಮವಾರ ಒಂದು ಸಣ್ಣ ಲೋಟ ಹಾಕಿಬಿಡು. ಗಗನ ಒಂದೂ ತಪ್ಪಿಸಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಹೆಬ್ಬಾಳದ ಹೆಂಗಸರು ಚಿಕ್ಕ ಯಜಮಾನಿ ಎಂದು ರೇಗಿಸತೊಡಗಿದ್ದರು.

ಡಾಕ್ಟರು ಮಂಡಿಯ ವ್ಯಾಯಾಮಕ್ಕೆ ಬರಹೇಳಿದ ದಿನ ಚಾಮುಂಡಮ್ಮ ಮೊದಲ ಸಲ ಗಾಡಿ ಹತ್ತಿದಳು, ಡ್ರೈವರ್ ಪಕ್ಕದ ಸೀಟಿನಲ್ಲಿ. ಪಾಳಿಯವರನ್ನು ಬಿಟ್ಟು ಬರುತ್ತಾ ಆಸ್ಪತ್ರೆಗೆ ಹೋಗುವುದೆಂದು ಮಾತು. ಯಾದವಗಿರಿಯ ಬಂಗಲೆಗಳ ಸಾಲು ದಾಟಿ ಸಣ್ಣ ಏರು ಹತ್ತುವಾಗ ಏನೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಸೀಟಿನ ರಕ್ಷಿತಾ ತಿರುಗಿ ನೋಡಿ, ಸ್ಕೂಟರಿನವರು ಮೂಗು ಮುಚ್ಕೊಂಡು ಬಯ್ತಾವ್ರೆ ಅಕ್ಕ, ಹೊಗೆ ನೀಲಿ ಬತ್ತಾ ಅದೆ ಅಂದಳು.

ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಟರ್ಬೊ ಕಡೆಯಿಂದ ಆಯಿಲ್ ಗಾಳಿಯ ದಾರಿಗೆ ನುಗ್ಗಿದರೆ ಎಂಜಿನ್ ಅದನ್ನೇ ಡೀಸೆಲ್ ಅಂದುಕೊಂಡು ಕುಡಿದು, ಕೀಲಿ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡಿ ಸೀದುಹೋಗುವುದುಂಟು. ಅಂಥದ್ದೊಂದನ್ನು ಚಾಮುಂಡಮ್ಮ ಕಣ್ಣಾರೆ ಕಂಡಿದ್ದಳು.

“ನಿಲ್ಸು.”

ಗಗನ ವೇಗ ತಗ್ಗಿಸಿದಳು, ನಿಲ್ಲಿಸಲಿಲ್ಲ. “ಅತ್ತೆ, ಗೇಟ್ ತನಕ ಮೆಲ್ಲಗೆ ಹೋಗ್ಬುಡೋಣ. ದಾರೀಲಿ ನಿಂತ್ರೆ ನೀವು ಕೊಟ್ಟ ಮಾತು...”

“ಮಾತು ನಂದು. ಹಿಂದೆ ಕೂತಿರೋರು ನಮ್ಮನ್ನ ನಂಬಿ ಬಂದೋರು. ನಿಲ್ಸಮ್ಮ.”

ಗಾಡಿ ನಿಂತಿತು. ಹೆಂಗಸರು ಎರಡು ಆಟೊ ಹಿಡಿದು ಹೋದರು. ಮೇಟಗಳ್ಳಿಯ ಗ್ಯಾರೇಜಿನ ಲೋಕೇಶ್ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಚಾಮುಂಡಮ್ಮ ಸೀಟಿನಿಂದ ಇಳಿಯಲಿಲ್ಲ. ದಿಲೀಪ್ ಆಗಲೇ ಒಬ್ಬ ಗಿರಾಕಿಯನ್ನು ಗೊತ್ತುಮಾಡಿಟ್ಟಿದ್ದಾನೆ, ಒಂದು ಫೋನಿನ ಕೆಲಸ ಅಷ್ಟೇ ಎಂಬುದು ಆಕೆಗೆ ಗೊತ್ತಿತ್ತು.

ಲೋಕೇಶ್ ಸೈಲೆನ್ಸರಿಗೆ ಬೆರಳಿಟ್ಟು, ಜಿಡ್ಡು ಮೂಸಿ, ಟರ್ಬೊ ಹೋಗಿದೆ ಚಾಮುಂಡಕ್ಕ, ಹೊಸದೇ ಹಾಕಬೇಕು ಎಂದುಬಿಟ್ಟ. ಜೊತೆಗೆ ಗಗನಳ ಕಡೆ ಒಂದು ನೋಟ ಬಿಟ್ಟು, ಹೊಸ ಕೈ ಅಲ್ವಾ ಅಂದ.

“ನಂದೂ ಹೊಸ ಮಂಡಿನೇ. ಕೈ ಇಚಾರ ಬುಟ್ಟು ಪೈಪು ಬಿಚ್ಚು. ನೋಡ್ದೆ ಹೆಣ ಎತ್ತಬೇಡ” ಅಂದಳು ಚಾಮುಂಡಮ್ಮ.

ಲೋಕೇಶ್ ನಗುತ್ತಲೇ ಗಾಳಿ ಪೈಪು ಬಿಚ್ಚಿದ. ಒಳಗೆಲ್ಲ ಆಯಿಲ್. ಟರ್ಬೊ ಬಾಯಿಗೆ ಬೆರಳು ಹಾಕಿ ಚಕ್ರವನ್ನು ಅಲ್ಲಾಡಿಸಿದ, ತಿರುಗಿಸಿದ, ಮತ್ತೆ ಅಲ್ಲಾಡಿಸಿದ. ಅವನ ನಗು ನಿಂತಿತು. ಅಚ್ಚು ಗಟ್ಟಿಯಾಗಿದೆ, ಚಕ್ರದ ರೆಕ್ಕೆಯಲ್ಲಿ ಎಲ್ಲೂ ಗೀರಿಲ್ಲ, ಮತ್ತೆ ಆಯಿಲ್ ಯಾಕೆ ಬಂತು ಎಂದು ತಾನೇ ತಲೆ ಕೆರೆದುಕೊಂಡ. ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸು ಎಂದು ಚಾಮುಂಡಮ್ಮ ಕೂತಲ್ಲಿಂದಲೇ ಕೈ ಚಾಚಿದಳು. ಕಡ್ಡಿಯ ಮೇಲಿನ ಗೆರೆಯನ್ನು ದಾಟಿ ಆಯಿಲ್ ಎಷ್ಟೋ ಮೇಲಕ್ಕೆ ಹತ್ತಿತ್ತು. ಹೊಟ್ಟೆ ತುಂಬಿದ ಮಗುವಿಗೆ ಮತ್ತೆರಡು ತುತ್ತು ತುರುಕಿದರೆ ಕಕ್ಕುವಂತೆ, ಎಂಜಿನ್ ಹೆಚ್ಚಾದದ್ದನ್ನು ಟರ್ಬೊ ದಾರಿಯಿಂದ ಹೊರಗೆ ದಬ್ಬಿತ್ತು.

ಗಗನ ಸೋಮವಾರದ ಸಣ್ಣ ಲೋಟ ಬಿಟ್ಟು ಒಂದು ತೊಟ್ಟೂ ಹಾಕಿಲ್ಲ ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಲೋಕೇಶ್ ಏನೋ ಹೇಳಲು ಬಾಯಿ ತೆರೆದ. ಚಾಮುಂಡಮ್ಮ ಅವನಿಗೆ ಅವಕಾಶ ಕೊಡಲಿಲ್ಲ. ನನ್ನ ಸೊಸೆ ಹಾಕಿಲ್ಲ ಅಂದರೆ ಹಾಕಿಲ್ಲ, ಇನ್ಯಾರು ಹಾಕಿದರು ಯೋಚನೆ ಮಾಡೋಣ ಎಂದಳು.

ಯೋಚನೆಯ ಕಷ್ಟವೇ ಬೀಳಲಿಲ್ಲ. ಫೋನಿನಲ್ಲಿ ಸುದ್ದಿ ತಿಳಿದು, ತಾಯಿಗಾಗಿ ಹಟ ಹಿಡಿದಿದ್ದ ಲಾಸ್ಯಳನ್ನು ಎತ್ತಿಕೊಂಡು ಸಿದ್ದರಾಜು ಆಟೊದಲ್ಲಿ ಬಂದಿಳಿದರು. ಆಯಿಲ್ ಹೆಚ್ಚಾಗಿದೆಯಂತೆ ಎಂಬ ಮಾತು ಕಿವಿಗೆ ಬೀಳುತ್ತಲೇ ಮಗುವನ್ನು ಸೊಸೆಯ ಕೈಗೆ ಕೊಟ್ಟು, ಹೆಂಡತಿ ಕೂತಿದ್ದ ಬಾಗಿಲ ಬಳಿ ಬಂದು ನಿಂತರು.

“ದಿನಾ ದೇವರ ದೀಪಕ್ಕೆ ಎಣ್ಣೆ ಹಾಕ್ತೀನಲ್ಲ, ಅಂಗೇ ಬಂದು ಇದಕ್ಕೂ ಅದ್ರ ಡಬ್ಬಿಯಿಂದ ಒಸಿ ಆಯಿಲ್ ಹಾಕ್ತಿದ್ದೆ. ಗಗನಂಗೆ ಗೊತ್ತಿಲ್ಲ” ಅಂದರು. ಸ್ವಲ್ಪ ತಡೆದು ಸೇರಿಸಿದರು: “ಆಸ್ಪತ್ರೇಲಿ ನಿಂಗೆ ನನ್ ಕೈಲಿ ಏನೂ ಮಾಡಕ್ಕಾಗ್ಲಿಲ್ಲ ಕಣೇ. ಗಾಡಿಗಾದ್ರೂ ಕಮ್ಮಿ ಆಗ್ಬಾರ್ದು ಅಂತ.”

ಲೋಕೇಶ್ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡು ನಕ್ಕ. ಗಗನಳಿಗೂ ಅಳುವಿನ ನಡುವೆ ನಗು ಬಂತು. ಒಂದೇ ಸಾರಿನ ಪಾತ್ರೆಗೆ ಅತ್ತೆ ಒಂದು ಸಲ, ಸೊಸೆ ಒಂದು ಸಲ ಉಪ್ಪು ಹಾಕಿದ ಕಥೆ ಇದು. ಚಾಮುಂಡಮ್ಮ ನಗಲಿಲ್ಲ. ಇಷ್ಟು ವರ್ಷ ಬಾನೆಟ್ ಮುಟ್ಟದ ಮನುಷ್ಯ ಬೆಳಗಿನ ಚಳಿಯಲ್ಲಿ ಮಡಿಪಂಚೆಯಲ್ಲೇ ಬಂದು ಅದನ್ನು ಎತ್ತಿ ನಿಲ್ಲಿಸಿದ್ದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು. ತಪ್ಪಿನಲ್ಲಿ ತನ್ನ ಪಾಲೂ ಇತ್ತು. ಗಗನಳಿಗೆ ಕಡ್ಡಿ ನೋಡು ಅನ್ನಬೇಕಿತ್ತು, ಹಾಕು ಅಂದಿದ್ದಳು.

“ನಾಳೆಯಿಂದ ಕನ್ನಡಕ ಹಾಕ್ಕೊಂಡು ಕಡ್ಡಿ ನೋಡ್ರಿ. ಹಾಕೋದು ಬಿಡೋದು ಗಗನ ಹೇಳ್ತಾಳೆ” ಎಂದಷ್ಟೇ ಅಂದು, ಗಂಡನ ಮುಂಗೈ ಹಿಡಿದು ಗಾಡಿಯಿಂದ ಇಳಿದಳು.

ಲೋಕೇಶ್ ಹೆಚ್ಚಿನ ಆಯಿಲ್ ಇಳಿಸಿ, ಪೈಪುಗಳನ್ನೆಲ್ಲ ಬಿಚ್ಚಿ ತೊಳೆದು ಕೂಡಿಸಿದ. ಸಂದುಗೊಂದಿಯಲ್ಲಿ ಉಳಿದದ್ದು ಉರಿದು ಮುಗಿಯುವ ತನಕ ಚೂರು ಹೊಗೆ ಬಂದೀತು, ಮೆತ್ತಗೆ ಓಡಿಸಿ ಎಂದು ಕಳಿಸಿದ.

ಸಂಜೆ ದಿಲೀಪ್ ಮನೆಗೆ ಬಂದಾಗ ಚಾಮುಂಡಮ್ಮ ತಾನಾಗಿಯೇ ಎಲ್ಲ ಹೇಳಿದಳು. ಗಾಡಿ ದಾರೀಲಿ ನಿಂತದ್ದು ದಿಟ, ಮಾರುವುದಾದರೆ ಮಾರು, ಆದರೆ ಸುಟ್ಟ ಗಾಡಿ ಅಂತ ಕಡಿಮೆಗೆ ಮಾತಾಡಬೇಡ, ನಾಳೆ ನೀನೇ ಕಣ್ಣಾರೆ ನೋಡು ಎಂದಳು. ಗಗನ ಆ ರಾತ್ರಿ ಗಂಡನ ಜೊತೆ ಮಾತಾಡಲಿಲ್ಲ.

ಬೆಳಗ್ಗೆ ದಿಲೀಪ್ ಬೈಕಿನಲ್ಲಿ ಗಾಡಿಯ ಹಿಂದೆಯೇ ಹೊರಟ. ಮುಂದಿನ ಸೀಟಿನಲ್ಲಿದ್ದ ಚಾಮುಂಡಮ್ಮನಿಗೆ ಪಕ್ಕದ ಕನ್ನಡಿಯಲ್ಲಿ ಮಗನ ಹೆಲ್ಮೆಟ್ಟು ಕಾಣುತ್ತಿತ್ತು. ಮನೆಯ ತಿರುವಿನಲ್ಲಿ ನೀಲಿ ಹೊಗೆ ಅವನ ಮುಖಕ್ಕೇ ಬಡಿಯಿತು. ಯಾದವಗಿರಿಯಲ್ಲಿ ಅದು ತೆಳುವಾಯಿತು. ಹೆಬ್ಬಾಳದ ಕಡೆ ತಿರುಗುವಲ್ಲಿ ಸರಕಿನ ಲಾರಿಯೊಂದು ಪಕ್ಕಕ್ಕೇ ಒತ್ತಿ ಬಂತು. ಚಾಮುಂಡಮ್ಮನ ಕಾಲು ಇಲ್ಲದ ಬ್ರೇಕನ್ನು ಒತ್ತಿತು. ಗಗನ ಮಾತ್ರ ವೇಗ ತಗ್ಗಿಸಿ, ಲಾರಿಗೆ ದಾರಿ ಬಿಟ್ಟು, ರಕ್ಷಿತಾ ಕೇಳಿದ್ದೇನಕ್ಕೋ ಉತ್ತರ ಕೊಡುತ್ತಾ ಮುಂದೆ ಹೋದಳು.

ಗೇಟಿನ ಮುಂದೆ ಹೆಂಗಸರು ಇಳಿದರು. ದಿಲೀಪ್ ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದ. ಅಂಗೈ ಒಡ್ಡಿ ನೋಡಿದ. ಅಂಗೈಗೆ ಬರೀ ಬಿಸಿ ಗಾಳಿ. ಎದ್ದು ಬಂದು ತಾಯಿಯ ಕಿಟಕಿಗೆ ಒರಗಿ ನಿಂತ.

“ಹೊಗೆ ಇಲ್ಲ” ಅಂದ.

“ನಾನು ಕೊಟ್ಟ ಮಾತು ಅಂಗೇ ಅದೆ.”

ದಿಲೀಪ್ ಹೆಂಡತಿಯ ಕಡೆ ನೋಡಿದ. “ಆ ಲಾರಿ ಬಂದಾಗ ನಾನು ಹಿಂದೆ ಬೈಕಲ್ಲಿ ಕಣ್ಣು ಮುಚ್ಕೊಂಡೆ. ಇವಳು ಮುಚ್ಕೊಳ್ಲಿಲ್ಲ. ಮಾತನ್ನ ನಿಂಗೇ ವಾಪಸ್ ಕೊಟ್ಟೆ ಹೋಗಮ್ಮ” ಅಂದವನೇ ಆಚೆ ಸರಿದು ಗಿರಾಕಿಗೆ ಫೋನು ಮಾಡಿದ. ಗಾಡಿ ಮಾರೋದಿಲ್ಲ ಸಾರ್, ಮನೇಲಿ ಒಪ್ತಾ ಇಲ್ಲ ಎನ್ನುತ್ತಿದ್ದದ್ದು ಒಳಗಿದ್ದ ಇಬ್ಬರಿಗೂ ಕೇಳಿಸಿತು.

ಬೆಳಗಿನ ಪಾಳಿ ಇನ್ನು ಮೇಲೆ ನಿನ್ನದೇ ಎಂದು ಚಾಮುಂಡಮ್ಮ ಸೊಸೆಗೆ ಹೇಳಿದಳು. ಗಗನ ಮಗುವಿನ ಮಾತು ತೆಗೆಯುವಷ್ಟರಲ್ಲಿ, ಮಗುವಿಗೆ ತಾತ ಇದ್ದಾರೆ, ಮಂಡಿ ಸರಿಹೋದ ಮೇಲೆ ಸಂಜೆಯ ಪಾಳಿಗೆ ನಾನಿದ್ದೀನಿ ಅಂದಳು. ಆಮೇಲೆ ನಿನ್ನೆ ತಪ್ಪಿದ ಮಂಡಿಯ ವ್ಯಾಯಾಮ ಇವತ್ತಾದರೂ ಆಗಲಿ ಎಂದು ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿ, ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚಿದಳು.