ಗುರುವಾರದ ಖಾಲಿ ಚೌಕ

ದಡಬಡಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಮಾತು ನಿಲ್ಲುತ್ತಿತ್ತು. ಅಂದು ಲ್ಯಾಬಿನ ಮೇಡಂ ಎಲ್ಲರೆದುರು, "ನಿನಗೆ ಟೈಮಿನ ಬೆಲೆನೇ ಗೊತ್ತಿಲ್ಲ. ಮೊದಲು ಹೋಗಿ ಒಂದು ಪ್ಲಾನರ್ ತಗೋ," ಎಂದಾಗ ಎರಡೂ ಒಟ್ಟಿಗೇ ಆದವು.

ದಡಬಡಿ ಎಂಬ ಹೆಸರಿಟ್ಟವನು ಭಾವ. ಓದುವುದಕ್ಕೆಂದು ಹಳ್ಳಿಯಿಂದ ಬಂದು ಅಕ್ಕನ ಮನೆ ಸೇರಿದ ಮೇಲೆ ಅವಳು ನಡೆದದ್ದನ್ನು ಯಾರೂ ಕಂಡಿಲ್ಲ, ಓಡಿದ್ದನ್ನೇ ಕಂಡಿದ್ದು. ಬೆಳಿಗ್ಗೆ ಹಾಲು ತರಬೇಕು, ಅಕ್ಕನ ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಡಬೇಕು, ಬಸ್ಸು ಹಿಡಿದು ಲ್ಯಾಬ್ ಟೆಕ್ನೀಷಿಯನ್ ಕೋರ್ಸಿನ ತರಗತಿಗೆ ಹೋಗಬೇಕು. ಸಂಜೆ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ದಾರಿಯಲ್ಲಿ, ಅಕ್ಕ ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು ಬೇರೆ. "ನಮ್ಮ ದಡಬಡಿ ಮಲಗೋವಾಗ್ಲೂ ಚಪ್ಪಲಿ ಬಿಚ್ಚಲ್ಲ," ಎಂದು ಭಾವ ಮನೆಗೆ ಬಂದವರೆದುರು ನಗುತ್ತಿದ್ದ. ಅವಳೂ ನಗುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಇಷ್ಟರ ನಡುವೆ ತಪ್ಪಿಹೋಗುತ್ತಿದ್ದುದು ಒಂದೇ, ಲ್ಯಾಬಿನ ಅಭ್ಯಾಸ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡಿನ ಅಂಚಿನಿಂದ ಅದನ್ನು ಒಂದೇ ಸಲಕ್ಕೆ ತೆಳ್ಳಗೆ ಹರಡಬೇಕು. ಕೇಳಲು ಸುಲಭ, ಕೈ ಪಳಗದೆ ಬರುವುದಿಲ್ಲ. ಹೋದ ಸಲದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ಅಲ್ಲಿಯೇ. ಈ ಸಲವೂ ಹೋದರೆ ಒಂದು ವರ್ಷ ಹೋದಂತೆ.

ಮೇಡಂ ಅಂದ ಮಾತನ್ನು ನುಂಗಿಕೊಂಡು ಅವಳು ಕಾಲೇಜಿನ ಎದುರಿನ ಪುಸ್ತಕದಂಗಡಿಗೆ ಹೋದಳು. ಅಂಗಡಿಯ ಯಜಮಾನರು ದಪ್ಪ ರಟ್ಟಿನ, ಹೊಳೆಯುವ ಪ್ಲಾನರ್ ಒಂದನ್ನು ಮುಂದಿಟ್ಟರು.

"ಇದು ಸ್ಟೂಡೆಂಟ್ಸ್‌ಗೇ ಅಂತ ಮಾಡಿರೋದಮ್ಮ. ತುಂಬಾ ಹೋಗ್ತಿದೆ."

ಬೆಲೆ ನೋಡಿದವಳು ಚೀಟಿಯನ್ನು ಇನ್ನೊಮ್ಮೆ ಓದಿದಳು. ಒಳಗೆ ತೆರೆದರೆ ಪುಟದ ಅರ್ಧ ಹೂವು, ಬಳ್ಳಿ. ಉಳಿದ ಅರ್ಧದಲ್ಲಿ 'ಇಂದು ಎಷ್ಟು ಲೋಟ ನೀರು ಕುಡಿದೆ?', 'ಇಂದು ನಿನ್ನನ್ನು ನಗಿಸಿದ್ದು ಏನು?'

"ಬಸ್ಸು, ಕ್ಲಾಸು, ಕೆಲಸ ಬರೆಯೋಕೆ ಜಾಗ ಎಲ್ಲಿದೆ?"

"ಹಿಂದುಗಡೆ ನಾಲ್ಕು ಹಾಳೆ ಬಿಟ್ಟಿದ್ದಾರೆ ನೋಡು."

"ಇದನ್ನ ಮಾಡಿದವರಿಗೆ ಮನೇಲಿ ನೀರು ಕುಡಿಯೋದು ಬಿಟ್ರೆ ಬೇರೆ ಕೆಲಸ ಇಲ್ವಾ?"

ಯಜಮಾನರು ನಕ್ಕರು. "ಕಮ್ಮಿದು ಬೇಕಂದ್ರೆ ಹೋದ ವರ್ಷದ ಡೈರಿ ಇದೆ. ವಾರ ಸ್ವಲ್ಪ ಆಚೀಚೆ, ಅಷ್ಟೆ."

"ಕಾಲೇಜೂ ಆಚೀಚೆ ನಡೆಯುತ್ತಾ?"

ಅವಳು ತಾನೇ ಕೆಳಗಿನ ಅರೆಯನ್ನು ಕೆದಕಿದಳು. ಧೂಳು ಹಿಡಿದ ದೊಡ್ಡ ಪ್ಯಾಡ್ ಒಂದು ಸಿಕ್ಕಿತು. ಹಾಳೆಗೊಂದು ವಾರ. ಅಡ್ಡಕ್ಕೆ ದಿನ, ಉದ್ದಕ್ಕೆ ಗಂಟೆ, ನಡುವೆ ಅಗಲವಾದ ಚೌಕಗಳು. ಹೂವಿಲ್ಲ, ಉಪದೇಶವಿಲ್ಲ, ತಾರೀಖೂ ಇಲ್ಲ. ತಾರೀಖಿಲ್ಲವೆಂದೇ ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಅದೇ. ರಜೆಯಲ್ಲಿ ಬರೆಯದಿದ್ದರೂ ಒಂದು ಹಾಳೆ ದಂಡವಾಗುವುದಿಲ್ಲ. ಬೆಲೆಯೂ ಕೈಗೆಟುಕುವಂತಿತ್ತು.

ಮನೆಯಲ್ಲಿ ಅದನ್ನು ಅಡುಗೆಮನೆಯ ಗೋಡೆಗೆ ನೇತುಹಾಕಿದಳು. ಎಲ್ಲರೂ ನೋಡಲಿ, ನಾಳೆ ಯಾರೂ ಗೊತ್ತಿರಲಿಲ್ಲ ಅನ್ನಬಾರದು. ಹಾಲು, ಜಡೆ, ಬಸ್ಸು, ತರಗತಿ, ಅಂಗಡಿ, ಗಿರಾಕಿಯ ಬಟ್ಟೆ, ಒಂದೂ ಬಿಡದೆ ದುಂಡಗೆ ಬರೆದಳು. ತಾನು ಓದುವ ಹೊತ್ತು, ಅಭ್ಯಾಸದ ಹೊತ್ತು ಮಾತ್ರ ಬರೆಯಲಿಲ್ಲ. ಅದು ತನ್ನದೇ ಹೊತ್ತು, ತನಗೆ ಗೊತ್ತಿದೆ, ಬರೆಯುವುದೇನಿದೆ ಎಂದುಕೊಂಡಳು.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಎರಡನೆಯ ವಾರ ಮಂಗಳವಾರದ ಬಿಳಿ ಚೌಕದಲ್ಲಿ ಅಕ್ಕನ ಅಕ್ಷರ ಕಂಡಿತು: 'ಗುಂಡಿ, ದಾರ ತರುವುದು.' ಹೋಗಲಿ ಎಂದು ತಂದುಕೊಟ್ಟಳು. ಮೂರನೆಯ ವಾರ, ಪರೀಕ್ಷೆಯ ವಾರ. ಶುಕ್ರವಾರ ಪ್ರಾಕ್ಟಿಕಲ್. ಗುರುವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ಕೊನೆಯ ಸಲ ಲ್ಯಾಬ್ ತೆರೆಯಲಿತ್ತು. ಬುಧವಾರ ಸಂಜೆ ಕೆಲಸದಿಂದ ಬಂದು ನೀರು ಕುಡಿಯಲು ಲೋಟ ಎತ್ತಿದವಳು ಹಾಗೆಯೇ ನಿಂತಳು. ಗುರುವಾರ ಮಧ್ಯಾಹ್ನದ ಚೌಕಗಳ ತುಂಬ ಭಾವನ ಅಕ್ಷರ: 'ಮನೆ ಮಾಲೀಕರು, ನಲ್ಲಿ ರಿಪೇರಿಯವನು ಬರ್ತಾರೆ. ಮನೇಲಿರಬೇಕು.'

"ಭಾವ, ಇದು ನೀವು ಬರೆದಿದ್ದಾ?"

"ನಾನೇ. ಎಷ್ಟು ಅನುಕೂಲ ಆಯ್ತು ನೋಡು! ಮೊದಲಾದ್ರೆ ನಿನ್ನ ಹಿಂದೆ ಓಡಿ ಕೇಳ್ಬೇಕಿತ್ತು. ಈಗ ಖಾಲಿ ಚೌಕ ನೋಡಿ ಬರೆದ್ರಾಯ್ತು."

"ಅದು ಖಾಲಿ ಅಲ್ಲ. ನಾನು ಲ್ಯಾಬಿಗೆ ಹೋಗ್ಬೇಕು."

"ಕ್ಲಾಸಾ?"

"ಕ್ಲಾಸಲ್ಲ. ಪ್ರಾಕ್ಟೀಸು."

"ಹಾಗಾದ್ರೆ ಹೋಗ್ಲೇಬೇಕು ಅಂತೇನಿಲ್ಲ."

ಹೊಲಿಗೆ ಮೆಷಿನ್ನಿನ ಮುಂದಿನಿಂದ ಅಕ್ಕ ತಲೆಯೆತ್ತದೆ ಹೇಳಿದಳು, "ಬರೆದಿಡಬಾರ್ದಿತ್ತೇನೇ? ನಮಗೇನು ಕನಸು ಬೀಳುತ್ತಾ? ನಾಳೆ ಮಧ್ಯಾಹ್ನ ನಾನೂ ಅಳತೆ ತಗೊಳ್ಳೋಕೆ ಹೋಗ್ಬೇಕು."

ಆ ಮಾತು ನಿಜವಾಗಿತ್ತು. ಅದಕ್ಕೇ ಹೆಚ್ಚು ಉರಿಯಿತು. ಊರಿನವರ ಕೆಲಸವನ್ನೆಲ್ಲ ಬರೆದು, ತನ್ನದನ್ನು ಬಿಳಿಯಾಗಿ ಬಿಟ್ಟವಳು ತಾನೇ. ಅವಳು ಪ್ಯಾಡಿನಿಂದ ಒಂದು ಹೊಸ ಹಾಳೆ ಪರ್ರನೆ ಹರಿದು, ಪೆನ್ನಿನ ಜೊತೆ ಭಾವನ ಮುಂದೆ ಇಟ್ಟಳು.

"ಬರೀರಿ. ನಿಮ್ಮ ವಾರ."

"ನಂದೇನೇ ಇದೆ? ಬೆಳಿಗ್ಗೆಯಿಂದ ರಾತ್ರಿವರೆಗೂ ಮೊಬೈಲ್ ರಿಪೇರಿ ಅಂಗಡಿ." ಭಾವ ತಮಾಷೆಗೆಂದೇ 'ಅಂಗಡಿ, ಅಂಗಡಿ' ಎಂದು ತುಂಬುತ್ತ ಹೋದ. ಗುರುವಾರ ಮಧ್ಯಾಹ್ನಕ್ಕೆ ಬಂದಾಗ ಪೆನ್ನು ನಿಂತಿತು. ವಾರದಲ್ಲಿ ಅದೊಂದು ಹೊತ್ತು ಅವನ ಅಂಗಡಿ ಮುಚ್ಚಿರುತ್ತಿತ್ತು.

"ಅಲ್ಲೂ ಬರೀರಿ."

"ಅದು ರಜಾ ಕಣೇ. ಗೆಳೆಯರ ಜೊತೆ ಕೂತು ನಾಲ್ಕು ಮಾತಾಡೋದು ಬೇಡ್ವಾ?"

"ಹೋಗ್ಲೇಬೇಕು ಅಂತೇನಿಲ್ವಲ್ಲ."

ಮೆಷಿನ್ನಿನ ಸದ್ದು ನಿಂತಿತು. "ಅಲ್ಲಾ ರೀ," ಎಂದಳು ಅಕ್ಕ, "ನಾಳೆ ನೀವು ಪುರುಸೊತ್ತಾಗೇ ಇದ್ದೀರಲ್ಲ! ನಾನು ಬಾಗಿಲು ಹಾಕ್ಕೊಂಡು ಒಳಗೆ ರಿಪೇರಿ ಮಾಡ್ತಿರ್ತೀರ ಅಂದ್ಕೊಂಡಿದ್ದೆ."

ಭಾವನ ಮುಖ ಕಪ್ಪಿಟ್ಟಿತು. ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. "ಚೆನ್ನಾಗಿದೆ ಕಣ್ರೇ. ನನ್ನ ಮನೇಲಿದ್ಕೊಂಡು ನನಗೇ ಟೈಮ್‌ಟೇಬಲ್ ಹಾಕ್ತಾಳೆ."

ದಡಬಡಿಯ ಮಾತು ಈ ಸಲ ನಿಲ್ಲಲಿಲ್ಲ. "ಹೌದು ಭಾವ, ನಿಮ್ಮ ಮನೇಲೇ ಇದ್ದೀನಿ. ಅದಕ್ಕೇ ಹಾಲು ತರ್ತೀನಿ, ಮಗೂನ ಶಾಲೆಗೆ ಬಿಡ್ತೀನಿ, ಬಟ್ಟೆ ಮುಟ್ಟಿಸ್ತೀನಿ. ಎಲ್ಲಾ ಆ ಗೋಡೆ ಮೇಲೆ ಬರೆದಿದೆ, ಓದ್ಕೊಳ್ಳಿ. ಇಷ್ಟು ದಿನ ಒಂದಕ್ಕೂ ಇಲ್ಲ ಅಂದಿಲ್ಲ. ನಾಳೆ ಮಧ್ಯಾಹ್ನ ನಾನಿರಲ್ಲ."

ಗೋಡೆಗೆ ಹೋಗಿ ಭಾವನ ಬರಹವನ್ನು ಗೀಚಿ ಹಾಕಿ, ಅದರ ಮೇಲೆಯೇ 'ಲ್ಯಾಬ್' ಎಂದು ಬರೆದಳು. ಒತ್ತಿದ ಒತ್ತಿಗೆ ಕಾಗದ ತೂತಾಯಿತು.

ಮರುದಿನ ಮಧ್ಯಾಹ್ನ ಅವಳು ಹೊರಟಾಗ ಭಾವ ಪೇಪರಿನ ಹಿಂದೆ ಕೂತಿದ್ದ. ಇರುತ್ತಾನೋ ಹೋಗುತ್ತಾನೋ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮನೆಯ ಕೀಲಿಯನ್ನು ಅವನ ಮುಂದಿಟ್ಟು ಮೆಟ್ಟಿಲಿಳಿದಳು. "ಉಂಡು ಹೋಗೇ," ಎಂದು ಅಕ್ಕ ಕೂಗಿದಳು. "ಹಸಿವಿಲ್ಲ," ಎಂದಳು. ಹಸಿವಿತ್ತು.

ಲ್ಯಾಬಿನಲ್ಲಿ ಮೊದಲ ಸ್ಲೈಡ್ ಜಾಮಿನ ಹಾಗೆ ದಪ್ಪವಾಯಿತು. ಎರಡನೆಯದು ನಡುವೆಯೇ ಕಿತ್ತುಹೋಯಿತು. ಕೈಯಲ್ಲಿ ಇನ್ನೂ ನಿನ್ನೆಯ ಸಿಟ್ಟಿತ್ತು. ಬ್ಯಾಗಿನಲ್ಲಿ ಫೋನು ಗುಂಯ್ಗುಟ್ಟಿತು. ಪಕ್ಕದ ಹುಡುಗಿ ತಿರುಗಿ ನೋಡಿದಳು. ಅವಳು ಎತ್ತಲಿಲ್ಲ. ಮಾಲೀಕರು ಬಾಗಿಲು ಬಡಿಯುತ್ತಿರಬಹುದು, ನಲ್ಲಿ ಸೋರುತ್ತಿರಬಹುದು. ಸೋರಲಿ. ಉಸಿರು ಬಿಗಿಹಿಡಿದು ಮೂರನೆಯ ಹನಿಗೆ ಗಾಜಿನ ಅಂಚು ತಾಗಿಸಿ ಮೆಲ್ಲಗೆ ಮುಂದಕ್ಕೆ ತಳ್ಳಿದಳು. ರಕ್ತ ತೆಳ್ಳಗೆ ಹರಡಿ, ತುದಿಯಲ್ಲಿ ಗರಿಯ ಹಾಗೆ ಮಸುಕಾಯಿತು.

ಮೇಡಂ ಅದನ್ನು ಬೆಳಕಿಗೆ ಹಿಡಿದರು. "ಇದು ಪರವಾಗಿಲ್ಲ. ಆದ್ರೆ ಒಂದು ಬಂತು ಅಂತ ಬೀಗಬೇಡ."

"ಬೀಗ್ತಿಲ್ಲ ಮೇಡಂ. ಇನ್ನೊಂದು ಸ್ಲೈಡ್ ಕೊಡಿ."

ಫೋನು ಮತ್ತೆ ಗುಂಯ್ಗುಟ್ಟಿತು. ಯಾರದೆಂದು ನೋಡದೆಯೇ ಬ್ಯಾಗಿಗೆ ಕೈ ಹಾಕಿ ಅದನ್ನು ಆರಿಸಿ, ಅವಳು ಮುಂದಿನ ಹನಿ ಇಟ್ಟಳು.