ಉಚ್ಚಾರಕ್ಕೆ ಹತ್ತರಲ್ಲಿ ಎರಡು

೧೯೬೧ನೆಯ ಇಸವಿ. ಗೋಕಾಕದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್ ಆಗಿ ಆರನೆಯ ವರ್ಷದಲ್ಲಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಹತ್ತು ವರ್ಷ ಕಲಿತವಳು. ಆ ಸಿಸ್ಟರ್‌ಗಳು ಐರ್ಲೆಂಡಿನಿಂದ ಬಂದವರು ಎಂದು ನಮಗೆ ಗೊತ್ತಿತ್ತು, ಆದರೆ ಐರ್ಲೆಂಡ್ ಎಂದರೆ ಇಂಗ್ಲೆಂಡಿನ ಇನ್ನೊಂದು ಓಣಿ ಎಂದಷ್ಟೇ ನಮ್ಮ ಕಲ್ಪನೆ. ಅವರು ಆಡಿದ್ದೇ ಇಂಗ್ಲಿಷ್. ಉಳಿದ ಜಗತ್ತು ಆಡುವುದು ಅದರ ನಕಲು. ಈ ನಂಬಿಕೆಯ ಮೇಲೆ ನಾನು ಬಹಳ ಕಂಫರ್ಟೆಬಲ್ ಆಗಿ ಬದುಕಿದ್ದೆ.

ಮುಂಬಯಿ ರಾಜ್ಯದಲ್ಲಿದ್ದಾಗ ನಮ್ಮ ಕಡೆಯ ಸಾಲೆಗಳಲ್ಲಿ ಇಂಗ್ಲಿಷ್ ತಡವಾಗಿ, ಎಂಟನೆಯ ಇಯತ್ತೆಯಿಂದ ಸುರುವಾಗುತ್ತಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೆಳಗಿನ ಇಯತ್ತೆಗಳಿಗೂ ತರಬೇಕೆಂದಾಯಿತು. ಕಲಿಸುವವರೇ ಇಲ್ಲ. ಹಾಗಾಗಿ ಪ್ರೈಮರಿ ಸಾಲೆಯ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಹುಕ್ಕೇರಿಯಲ್ಲಿ ಆರು ವಾರದ ಟ್ರೇನಿಂಗ್ ಇಟ್ಟರು. ಕೊನೆಯಲ್ಲಿ ಓರಲ್ ಟೆಸ್ಟ್, ಅಂದರೆ ಬಾಯಿಮಾತಿನ ಪರೀಕ್ಷೆ. ಓದಿಗೆ ಇಪ್ಪತ್ತು, ಸಂಭಾಷಣೆಗೆ ಇಪ್ಪತ್ತು, ಉಚ್ಚಾರಕ್ಕೆ ಹತ್ತು. ಪಾಸಾಗಲು ಇಪ್ಪತ್ತೈದು ಬೇಕು. ಪರೀಕ್ಷಕರು ಇಬ್ಬರು: ಹುಕ್ಕೇರಿಯ ಹಿರಿಯ ಶಿಕ್ಷಕ ಕುಲಕರ್ಣಿ ಮಾಸ್ತರು ಮತ್ತು ನಾನು. ಉಚ್ಚಾರದ ಕಾಲಮ್ಮನ್ನು ಮಾಸ್ತರು ಪೂರ್ತಿ ನನಗೇ ಬಿಟ್ಟಿದ್ದರು.

“ಅದು ಕಾನ್ವೆಂಟಿನವರ ಖಾತೆರಿ ಅಕ್ಕಾರ,” ಎಂದರು. “ನಾನು ಇಂಗ್ಲಿಷ್ ಮಾತಾಡಿದ್ರ ನಮ್ಮ ಮನ್ಯಾಗ ಪೂಜಾ ನಡದೈತೇನೋ ಅಂತಾರ.”

ಅದು ಸುಳ್ಳೇನಲ್ಲ. ಮಾಸ್ತರು ಯಾವ ಇಂಗ್ಲಿಷ್ ವಾಕ್ಯವನ್ನಾದರೂ ಮಂತ್ರದ ಹಾಗೆ ಏರಿಳಿಸದೆ ಓದುತ್ತಿದ್ದರು.

ಮೂವತ್ತೇಳು ಜನ ಅಭ್ಯರ್ಥಿಗಳು. ಎರಡನೆಯ ದಿನ ಮಧ್ಯಾಹ್ನ ಶೇವಂತಾ ಕಾಂಬಳೆ ಒಳಗೆ ಬಂದಳು. ಇಪ್ಪತ್ತನಾಲ್ಕು ವರ್ಷ, ಎಸ್.ಎಸ್.ಸಿ. ಪಾಸು, ಹುಟ್ಟೂರು ಘೋಡಗೇರಿ. ಫಾರ್ಮಿನಲ್ಲಿ ಧರ್ಮದ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬೌದ್ಧ ಎಂದು ಬರೆದಿದ್ದಳು. ಮೂಡಲಗಿಯ ಒಂದು ಸಾಲೆಯಲ್ಲಿ ಅವಳದು ತಾತ್ಪೂರ್ತಿಕ ನೌಕರಿ. ಈ ಟೆಸ್ಟ್ ಪಾಸಾದರೆ ಅಲ್ಲಿಯ ಇಂಗ್ಲಿಷ್ ಶಿಕ್ಷಕಿಯಾಗಿ ಕಾಯಂ, ಇಲ್ಲವಾದರೆ ಜೂನ್‌ನಿಂದ ಮನೆ. ಇದು ಫಾರ್ಮಿನ ಮೇಲೇ ಇತ್ತು. ನಾನು ಓದಿದ್ದೆ.

ಓದಲು ಕೊಟ್ಟ ಪಾಠ ಒಂದು ನದಿ ಮತ್ತು ಅದರ ದಂಡೆಯ ಊರಿನ ಬಗ್ಗೆ. ಅವಳು ಒಮ್ಮೆಯೂ ತಡವರಿಸಲಿಲ್ಲ. ಅಷ್ಟು ಸಲೀಸಾಗಿ ಆ ಮೂವತ್ತೇಳು ಜನರಲ್ಲಿ ಇನ್ನಾರೂ ಓದಲಿಲ್ಲ. ಆದರೆ ಆ ದನಿ. ‘ರಿವರ್’ನ ಕೊನೆಯ ‘ರ್’ ಅವಳ ನಾಲಿಗೆಯ ತುದಿಯಲ್ಲಿ ಮಿಲ್ಲಿನ ನೂಲು ಸುತ್ತುವ ಬಾಬಿನ್‌ನಂತೆ ಗಿರ್ರನೆ ತಿರುಗಿತು. ‘ಟೌನ್’ ಎಂಬುದು ‘ಟೂನ್’ ಆಯಿತು, ‘ಡೌನ್’ ‘ಡೂನ್’ ಆಯಿತು. ನಿಮ್ಮ ಮನೆ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಸ್ಮಾಲ್’ ಎನ್ನುವ ಬದಲು ‘ವೀ’ ಎಂದಳು. ‘ಎಸ್’ ಎನ್ನುವಲ್ಲೆಲ್ಲ ‘ಆಯ್’.

ಎಲ್ಲಿ ಕಲಿತದ್ದು ಎಂದು ಕನ್ನಡದಲ್ಲಿ ಕೇಳಿದೆ.

“ಮನ್ಯಾಗರಿ. ನಮ್ಮಪ್ಪ ಗೋಕಾಕ ಫಾಲ್ಸ್‌ದಾಗ ಮಿಲ್ಲಿನ ಸಾಹೇಬ್ರ ಬಂಗಲೇದಾಗ ಬೇರರ್ ಇದ್ದರ್ರಿ. ನಾ ಅಲ್ಲೇ ಹಿತ್ತಲದಾಗ ಬೆಳದಾಕಿ.”

ಕುಲಕರ್ಣಿ ಮಾಸ್ತರು ನನ್ನ ಕಡೆ ಬಾಗಿದರು. “ಬಟ್ಲರ್ ಇಂಗ್ಲಿಷ್ ಐತ್ರಿ ಅಕ್ಕಾರ. ಅಡಗಿಮನಿ ವಾಸನಿ ಬರಾಕತ್ತೈತಿ.”

ನಾನು ನಕ್ಕೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ಖರೆ. ಓದಿಗೆ ಹನ್ನೊಂದು, ಸಂಭಾಷಣೆಗೆ ಹನ್ನೊಂದು ಬಿದ್ದವು. ಉಚ್ಚಾರಕ್ಕೆ ನಾನು ಎರಡು ಹಾಕಿದೆ. ಒಟ್ಟು ಇಪ್ಪತ್ತನಾಲ್ಕು. ರಿಮಾರ್ಕ್ಸ್ ಎಂಬಲ್ಲಿ ‘ಶುದ್ಧವಲ್ಲದ ಇಂಗ್ಲಿಷ್’ ಎಂದು ಬರೆದು ಸಹಿ ಮಾಡಿದೆ.

ಸಂಜೆ ಫಲಿತಾಂಶ ಹಚ್ಚಿದ ಮೇಲೆ ಅವಳು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾರ, ಎಲ್ಲಿ ತಪ್ಪಿದೆ ಅಂತ ಹೇಳ್ರಿ. ತಿದ್ದಕೋತೇನಿ.”

“ಒಂದು ಕಡೆ ಅಲ್ಲವಾ. ಪೂರ್ತಿ ಹಂಗ ಐತಿ. ಬುಡದಿಂದ ತಿದ್ದಬೇಕು.”

“ಬುಡ ಅಂದ್ರ ಯಾವ ಬುಡಾರಿ?”

ಅದೊಂದು ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ. ಉದ್ಧಟತನ ಎಂದುಕೊಂಡೆ. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟೆ.

ಜೂನ್ ಮೂರನೆಯ ವಾರ ಗೋಕಾಕ ಫಾಲ್ಸ್‌ನ ಒಂದು ಸಾಲೆಯಲ್ಲಿ ಬಹುಮಾನ ವಿತರಣೆ ಇತ್ತು. ಮುಖ್ಯ ಅತಿಥಿಯಾಗಿ ಬಂದವರು ಅಲ್ಲಿಯ ಮಿಲ್ಲಿನಲ್ಲಿ ವೀವಿಂಗ್ ಮಾಸ್ತರರಾಗಿದ್ದ ಒಬ್ಬ ಮುದಿ ಸಾಹೇಬರು. ನೇಯ್ಗೆ ಖಾತೆಯನ್ನು ನೋಡಿಕೊಳ್ಳುವ ಹುದ್ದೆ ಅದು. ನಿವೃತ್ತರಾಗಿ ತಮ್ಮ ದೇಶಕ್ಕೆ ಹೊರಟಿದ್ದರು. ಅವರ ಭಾಷಣವನ್ನು ವಾಕ್ಯ ವಾಕ್ಯಕ್ಕೆ ಕನ್ನಡದಲ್ಲಿ ಹೇಳಲು ನನ್ನನ್ನು ಕರೆಸಿದ್ದರು. ಕಾನ್ವೆಂಟಿನವಳಲ್ಲವೇ.

ಸಾಹೇಬರು ಮೊದಲ ವಾಕ್ಯ ಮುಗಿಸಿ ನನ್ನತ್ತ ನೋಡಿದರು. ನನಗೆ ಒಂದಕ್ಷರ ತಿಳಿದಿರಲಿಲ್ಲ. “ನಿಮ್ಮನ್ನೆಲ್ಲ ನೋಡಿ ಸಾಹೇಬರಿಗೆ ಬಹಳ ಸಂತೋಷವಾಗಿದೆ,” ಎಂದೆ. ಚಪ್ಪಾಳೆ ಬಿತ್ತು. ಎರಡನೆಯ ಮಾತು ಇನ್ನೂ ಉದ್ದವಾಗಿತ್ತು. “ಮಕ್ಕಳು ಶ್ರದ್ಧೆಯಿಂದ ಓದಬೇಕು,” ಎಂದೆ. ಮೂರನೆಯದಕ್ಕೆ, ದೇವರೇ ಗತಿ ಎಂದು, “ಸ್ವಚ್ಛತೆ ಕಾಪಾಡಬೇಕು” ಎಂದೆ. ಅದಕ್ಕೂ ಚಪ್ಪಾಳೆ. ಅವರ ಕಣ್ಣಲ್ಲಿ ನೀರಿತ್ತು. ಸ್ವಚ್ಛತೆಯ ಬಗ್ಗೆ ಮಾತಾಡುತ್ತ ಯಾರಾದರೂ ಅಳುತ್ತಾರೆಯೇ ಎಂದು ನನಗೆ ದಿಗಿಲಾಯಿತು. ನಾಲ್ಕನೆಯ ವಾಕ್ಯದಲ್ಲಿ ‘ರಿವರ್’ ಬಂತು. ಕೊನೆಯ ‘ರ್’ ಗಿರ್ರನೆ ತಿರುಗಿತು. ಹಿಂದೆಯೇ ‘ವೀ ಟೂನ್’ ಬಂತು.

ಇದು ಶೇವಂತಾಳ ದನಿ. ಹುಕ್ಕೇರಿಯಲ್ಲಿ ಅಡುಗೆಮನೆಯ ವಾಸನೆ ಎನಿಸಿಕೊಂಡದ್ದು ಇಲ್ಲಿ ಹೂಮಾಲೆ ಹಾಕಿಕೊಂಡು ನಿಂತಿತ್ತು. ಮತ್ತು ಇಲ್ಲಿ ತಿಳಿಯದೆ ಹೋದದ್ದು ನನ್ನ ತಪ್ಪೇ ಹೊರತು ಅವರ ತಪ್ಪೆಂದು ಯಾರೂ, ನಾನೂ ಕೂಡ, ಅಂದುಕೊಂಡಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಬಿಳಿ ಕೋಟು ತೊಟ್ಟ ಮುದುಕನೊಬ್ಬ ಹತ್ತಿರ ಬಂದ.

“ಅಕ್ಕಾರ, ಸಾಹೇಬ್ರ ಮಾತು ನಿಮಗ ತಿಳೀಲಿಲ್ಲ, ಹೌದಲ್ರಿ?”

ನಾನು ಸೆರಗು ಸರಿಮಾಡಿಕೊಂಡೆ.

“ಸ್ವಚ್ಛತಾ ಅಂತ ಅವರೇನೂ ಅನ್ನಲಿಲ್ಲರಿ. ಅವರ ಅವ್ವ ನಸಕಿನ್ಯಾಗ ಎದ್ದು ಮಿಲ್ಲಿಗೆ ಹೋಗಾಕಿ ಅಂತ. ಹೊಳಿ ದಂಡಿ ಮ್ಯಾಲ ಸಣ್ಣ ಊರು. ಆಕಿ ಕೆಲಸಕ್ಕ ಹೋದ ಮ್ಯಾಲ ಇವರು ಮಿಲ್ಲಿನ ಭೋಂಗಾ ಕೂಗೂದು ಕೇಳಕೋತ ಕುಂಡ್ರತಿದ್ರಂತ. ಇಲ್ಲಿಗೆ ಬಂದಾಗೂ ಹೊಳಿ ಇತ್ತು, ಭೋಂಗಾ ಇತ್ತು, ಅದಕ್ಕ ಇಲ್ಲೇ ಉಳದೆ ಅಂದ್ರು.” ಆಮೇಲೆ ದನಿ ಇಳಿಸಿ ಹೇಳಿದ: “ನನ್ನ ಮಗಳು ಇವತ್ತ ಇಲ್ಲಿ ಇದ್ದಿದ್ರ ಒಂದು ಮಾತು ಬಿಡದ ಹೇಳತಿದ್ಲರಿ. ಆಕಿಗೆ ಇಂಗ್ಲಿಷ್ ಬರೂದಿಲ್ಲ ಅಂತ ಹುಕ್ಕೇರ್ಯಾಗ ಬರದಾರ.”

“ಯಾರು ಬರದಾರ?” ಎಂದೆ. ಯಾಕೆ ಕೇಳಿದೆನೋ.

“ಯಾರೋ ಕಾನ್ವೆಂಟ್ ಕಲತ ಅಕ್ಕಾರಂತ್ರಿ. ಭಾಳ ಕಲತಾರಂತ.”

ಅವನಿಗೆ ನಾನು ಯಾರೆಂದು ಗೊತ್ತಿತ್ತೋ ಇಲ್ಲವೋ, ಆ ಮುಖ ನೋಡಿ ಹೇಳಲಾಗಲಿಲ್ಲ. ಇಂದಿಗೂ ಗೊತ್ತಿಲ್ಲ. ನಾನೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಚಹಾಕ್ಕೆ ಕೂತಾಗ ಸಾಹೇಬರು ನನಗಾಗಿ ನಿಧಾನವಾಗಿ ಮಾತಾಡಿದರು. ಅವರದು ಸ್ಕಾಟ್ಲೆಂಡಿನ ಒಂದು ನೂಲಿನ ಗಿರಣಿಯ ಊರು. ಹುಡುಗನಾಗಿದ್ದಾಗ ಲಂಡನ್ನಿನ ಆಫೀಸಿಗೆ ನೌಕರಿ ಕೇಳಲು ಹೋದರೆ, ಅಲ್ಲಿಯ ಕ್ಲಾರ್ಕ್ ಹೆಸರು ಕೇಳಿದನಂತೆ. ಮೂರು ಸಲ ಹೇಳಿಸಿ, ಕೊನೆಗೆ ಬರೆದು ಕೊಡು ಎಂದು ಕಾಗದ ಸರಿಸಿದನಂತೆ. ನಗುತ್ತಲೇ ಹೇಳಿದರು. ಆಮೇಲೆ ನನ್ನನ್ನು ನೋಡಿ, ನಿಮಗೆ ಕಲಿಸಿದವರು ಐರ್ಲೆಂಡಿನವರಲ್ಲವೇ ಎಂದರು. ವಾಕ್ಯದ ಕೊನೆಗೆ ನಿಮ್ಮ ದನಿ ಮೇಲಕ್ಕೆ ಹೋಗುತ್ತದೆ, ಕೇಳಲು ಹಿತವಾಗಿದೆ, ನನ್ನ ಜೊತೆಗಿದ್ದ ಒಬ್ಬ ಐರಿಶ್ ಫಿಟ್ಟರ್ ಹೀಗೇ ಮಾತಾಡುತ್ತಿದ್ದ ಎಂದರು.

ಅವರು ಕಾಂಪ್ಲಿಮೆಂಟ್ ಕೊಟ್ಟದ್ದು. ನನಗೆ ಕಾಲ ಕೆಳಗಿನ ಹಾಸುಗಲ್ಲು ಜರುಗಿದಂತಾಯಿತು. ನನ್ನದು ಶುದ್ಧ ಇಂಗ್ಲಿಷ್ ಅಲ್ಲ, ಯಾರೋ ಫಿಟ್ಟರನ ಇಂಗ್ಲಿಷ್. ಅವರದೂ ಲಂಡನ್ನಿನಲ್ಲಿ ನಡೆಯುವುದಿಲ್ಲ. ಹಾಗಾದರೆ ನಡೆಯುವುದು ಯಾವುದು? ಆ ಕ್ಲಾರ್ಕನದೇ? ಅವನಿಗೆ ಕಲಿಸಿದವರು ಯಾರು? ಬಸ್ಸಿನಲ್ಲಿ ಗೋಕಾಕ ತಲುಪುವವರೆಗೆ ಇದನ್ನೇ ಯೋಚಿಸುತ್ತ ಬಂದೆ. ಯಾವ ಬುಡ ಎಂದು ಶೇವಂತಾ ಕೇಳಿದ್ದು ಆಗ ನೆನಪಾಯಿತು.

ಮರುದಿನವೇ ಶಿಕ್ಷಣ ಖಾತೆಯ ಅಧಿಕಾರಿಗಳಿಗೆ ಕಾಗದ ಬರೆದೆ. ಸದರಿ ಅಭ್ಯರ್ಥಿಯ ಉಚ್ಚಾರದ ಅಂಕ ನನ್ನ ತಪ್ಪಿನಿಂದ ಕಡಿಮೆಯಾಗಿದೆ, ತಿದ್ದಬೇಕು ಎಂದು. ಅವರು ಕುಲಕರ್ಣಿ ಮಾಸ್ತರನ್ನೂ ನನ್ನನ್ನೂ ಗೋಕಾಕದ ತಮ್ಮ ಕಚೇರಿಗೆ ಕರೆಸಿಕೊಂಡರು. ಮಾಸ್ತರಿಗೆ ಸಿಟ್ಟು ಬಂದಿತ್ತು.

“ನೀವ ಹಾಕಿದ ಮಾರ್ಕ್ಸ್ ನೀವ ಅಳಿಸಿದ್ರ, ಉಳದ ಮೂವತ್ತಾರು ಮಂದಿ ಸುಮ್ಮಕಿರತಾರೇನ್ರಿ?”

ಅಧಿಕಾರಿಗಳು ಮೈಸೂರು ಕಡೆಯವರು, ಸೌಮ್ಯ ಸ್ವಭಾವ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡರು.

“ಸರಿ ಮೇಡಂ, ಆಕೇದೂ ಇಂಗ್ಲಿಷೇ ಅಂತ ಇಟ್ಕೊಳ್ಳೋಣ. ನಿಮ್ಮದೂ ಇಂಗ್ಲಿಷೇ. ಆದ್ರೆ ಮೂಡಲಗಿ ಮಗು ಯಾವುದನ್ನ ಕಲೀಬೇಕು? ಅದನ್ನ ಒಂದು ಸಾಲಲ್ಲಿ ಬರೆದುಕೊಡಿ, ಈಗಲೇ ತಿದ್ದಿಸ್ತೀನಿ.”

ಪೆನ್ನು ಕೈಗೆ ಕೊಟ್ಟರು. ನಾನು ಆ ಖಾಲಿ ಹಾಳೆಯನ್ನು ನೋಡುತ್ತ ಕೂತೆ. ಅವರ ಕನ್ನಡ ಕೇಳಿ ಬಾಗಿಲ ಬಳಿಯ ಜವಾನ ನಗು ನುಂಗುತ್ತಿದ್ದ. ಆ ಕನ್ನಡಕ್ಕೆ ಮಾರ್ಕ್ಸ್ ಕಡಿಯಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ನಮ್ಮ ಕನ್ನಡಕ್ಕೆ ಅವರೂ ಕಡಿದಿರಲಿಲ್ಲ. ಇಷ್ಟು ಸಾದಾ ಮಾತು ಇಂಗ್ಲಿಷಿಗೆ ಯಾಕೆ ಹೊಂದುವುದಿಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹಾಳೆ ಖಾಲಿಯೇ ಉಳಿಯಿತು.

ಕೊನೆಗೆ ಅವರೇ ದಾರಿ ತೋರಿಸಿದರು. ಸೆಪ್ಟೆಂಬರಿನಲ್ಲಿ ಮರುಪರೀಕ್ಷೆ, ಅಲ್ಲಿಯವರೆಗೆ ತಾತ್ಪೂರ್ತಿಕ ನೌಕರಿ ಮುಂದುವರಿಯಲಿ, ಪರೀಕ್ಷಕರು ಮತ್ತೆ ನಾವೇ ಇಬ್ಬರು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಒಂದು ಬೆಳಗ್ಗೆ ಶೇವಂತಾ ಹುಕ್ಕೇರಿಯ ಅದೇ ಕೋಣೆಗೆ ಬಂದಳು. ಅದೇ ನದಿಯ ಪಾಠ. ನಾನು ಮನಸ್ಸಿನಲ್ಲೇ ಹತ್ತಕ್ಕೆ ಒಂಬತ್ತು ಹಾಕಿಕೊಂಡು, ಆ ‘ರ್’ ತಿರುಗುವುದನ್ನೇ ಕಾಯುತ್ತ ಕೂತಿದ್ದೆ. ಅವಳು ಓದಿದಳು. ‘ರ್’ ತಿರುಗಲಿಲ್ಲ. ‘ಟೌನ್’ ಟೌನೇ ಆಗಿತ್ತು. ಪ್ರತಿ ವಾಕ್ಯದ ಕೊನೆಗೆ ದನಿ ಮೆಲ್ಲನೆ ಮೇಲಕ್ಕೆ ಹೋಗಿ ನಿಂತಿತು. ಕುಲಕರ್ಣಿ ಮಾಸ್ತರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಕಣ್ಣು ಮುಚ್ಚಿಕೊಂಡರೆ ನಾನೇ ಓದುತ್ತಿದ್ದೆ.

“ಇದೆಲ್ಲಿ ಕಲತಿ?” ಎಂದೆ.

“ನಿಮ್ಮ ಸಾಲ್ಯಾಗ ನಿಮ್ಮ ಕಡೇನ ಕಲತ ಹುಡಿಗಿ ಮೂಡಲಗ್ಯಾಗ ಅದಾಳ್ರಿ. ಮೂರು ತಿಂಗಳು ದಿನಾ ಸಂಜಿಮುಂದ ಆಕಿ ಓದೂದು ಕೇಳಕೋತ ಕುಂತೇನಿ. ಬುಡದಿಂದ ತಿದ್ದಬೇಕು ಅಂದಿದ್ರೆಲ್ರಿ.”

ಹತ್ತಕ್ಕೆ ಹತ್ತು ಹಾಕಿದೆ. ಒಟ್ಟು ನಲವತ್ಮೂರು. ಆ ಟ್ರೇನಿಂಗಿನ ಹೈಯೆಸ್ಟ್ ಅದು. ಮಾಸ್ತರು ಎದ್ದು ನಿಂತು ಅಭಿನಂದಿಸಿ ಆದೇಶದ ಕಾಗದ ತರಲು ಹೊರಗೆ ಹೋದರು. ನಾವಿಬ್ಬರೇ ಉಳಿದೆವು. ಪುಸ್ತಕವನ್ನು ಅವಳ ಕಡೆ ಸರಿಸಿ, ಮೊದಲು ಓದಿದ್ದ ಹಾಗೆ ಒಮ್ಮೆ ಓದು, ನನಗೆ ಕೇಳಬೇಕಾಗಿದೆ ಎಂದೆ.

ಅವಳು ಪುಸ್ತಕ ಮುಚ್ಚಿದಳು.

“ಬ್ಯಾಡ್ರಿ ಅಕ್ಕಾರ. ಅದು ನಮ್ಮಪ್ಪನ ಇಂಗ್ಲಿಷ್. ಅದಕ್ಕ ನೀವು ಮಾರ್ಕ್ಸ್ ಹಾಕಿ ಮುಗದೈತಿ.”

ಆಮೇಲೆ ಇಪ್ಪತ್ತೆಂಟು ವರ್ಷ ನೌಕರಿ ಮಾಡಿದೆ. ಎಷ್ಟೋ ಓರಲ್ ಟೆಸ್ಟ್‌ಗಳಲ್ಲಿ ಕೂತೆ. ಪ್ರತಿ ಸಲವೂ ಅಂಕ ಹಾಕುವ ಮೊದಲು, ಇದನ್ನು ನಿಮಗೆ ಕಲಿಸಿದವರು ಯಾರು ಎಂದು ಕೇಳುತ್ತಿದ್ದೆ. ಆ ಹೆಸರನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡೇ ಕಾಲಮ್ಮಿಗೆ ಬರುತ್ತಿದ್ದೆ. ನೌಕರಿ ನನಗೆ ಕಲಿಸಿದ್ದು ಇಷ್ಟೇ: ದನಿಗೆ ಅಂಕ ಹಾಕುವವನು ಆ ದನಿಯ ಹಿಂದಿನ ಮನೆಗೂ ಅಂಕ ಹಾಕುತ್ತಿರುತ್ತಾನೆ. ಯಾವ ಇಂಗ್ಲಿಷ್ ಕಲಿಸಬೇಕೆಂಬ ಆ ಒಂದು ಸಾಲು ಮಾತ್ರ ನನಗೆ ಎಂದೂ ಬರೆಯಲಾಗಲಿಲ್ಲ. ನಾನು ಈಗಲೂ ರೇಡಿಯೋಗೆ ‘ವೈರ್‌ಲೆಸ್’ ಎನ್ನುತ್ತೇನೆ, ಕನ್ನಡಿಗೆ ‘ಲುಕಿಂಗ್ ಗ್ಲಾಸ್’ ಎನ್ನುತ್ತೇನೆ. ಸಿಸ್ಟರ್‌ಗಳು ಹೋದರು, ಅವರ ಇಂಗ್ಲಿಷ್ ಆಡುವವರು ಐರ್ಲೆಂಡಿನಲ್ಲಾದರೂ ಉಳಿದಿದ್ದಾರೋ ಇಲ್ಲವೋ.

೧೯೬೮ರಲ್ಲಿ ಒಮ್ಮೆ ಮೂಡಲಗಿಯ ಆ ಸಾಲೆಗೆ ತಪಾಸಣೆಯ ತಂಡದ ಜೊತೆ ಹೋಗಿದ್ದೆ. ಶೇವಂತಾಬಾಯಿಯ ತರಗತಿಯಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ನದಿಯ ಪಾಠ ಓದುತ್ತಿದ್ದರು. ವಾಕ್ಯದ ಕೊನೆಗೆ ನಲವತ್ತು ದನಿಗಳೂ ಮೇಲಕ್ಕೆ ಹೋಗಿ ನಿಂತವು. ಆದರೆ ‘ರಿವರ್’ ಬಂದಾಗ ಎಲ್ಲೋ ಹಿಂದಿನ ಸಾಲಿನಲ್ಲಿ ಆ ‘ರ್’ ತುಸು ತಿರುಗಿತು. ನಿಜವಾಗಿ ತಿರುಗಿತೋ, ನನ್ನ ಕಿವಿಯ ಆಸೆಯೋ, ತಿಳಿಯಲಿಲ್ಲ. ಶೇವಂತಾಬಾಯಿಯ ಮುಖ ನೋಡಿ ತಿಳಿದುಕೊಳ್ಳೋಣವೆಂದರೆ, ಅವಳು ನಮಗೆ ಬೆನ್ನು ಮಾಡಿ ಹಲಗೆಯ ಮೇಲೆ ಬರೆಯುತ್ತಿದ್ದಳು.